ಎರಿ ಹೊಲದ ಮಕ್ಕಳಿಗೆ ಜೈವಿಕ ತಂತ್ರಜ್ಞಾನದ ಪದವಿ

ಪಿಯುಸಿ ಫಲಿತಾಂಶ ಬಂತೆಂದರೆ ಕುಂದಗೋಳ ತಾಲ್ಲೂಕಿನ ಮನೆಗಳಲ್ಲಿ ಎರಡು ಲೆಕ್ಕ ಒಟ್ಟೊಟ್ಟಿಗೆ ನಡೆಯುತ್ತವೆ. ಮುಂಗಾರಿಗೆ ಹೆಸರು ಎಷ್ಟೆಕರೆ, ಶೇಂಗಾ ಎಷ್ಟೆಕರೆ, ಹತ್ತಿ ಹಾಕುವುದೋ ಬೇಡವೋ ಎನ್ನುವುದು ಒಂದು. ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಹಚ್ಚಬೇಕು ಎನ್ನುವುದು ಇನ್ನೊಂದು. ಸಂಶಿಯಂಥ ಊರಿನಲ್ಲಿ ವಿಜ್ಞಾನ ತಗೊಂಡ ಮಕ್ಕಳಿಗೆ ಡಾಕ್ಟರಕಿ, ಎಂಜಿನಿಯರಿಂಗ್, ನರ್ಸಿಂಗ್ ಗೊತ್ತಿರುವ ದಾರಿಗಳು. ನೀಟ್ ಅಂಕ ಕಡಿಮೆ ಬಿದ್ದಾಗ ಯಾರಾದರೊಬ್ಬರು ಮನೆಗೆ ಬಂದು, ‘ಬಯೋಟೆಕ್ನಾಲಜಿ ಮಾಡಸ್ರಿ, ಭಾಳ ಸ್ಕೋಪ್ ಅದ’ ಎಂದು ಹೇಳಿ ಹೋಗಿರುತ್ತಾರೆ. ಆ ಒಂದು ಮಾತು ಹಿಡಿದುಕೊಂಡು ನನ್ನ ಹತ್ತಿರ ಬಂದು, ‘ಅಕ್ಕಾವ್ರ, ಇದನ್ನ ಓದಿದ್ರ ನಮ್ಮ ಹುಡುಗಿಗೆ ಏನ್ ಕೆಲಸ ಸಿಗ್ತದರಿ?’ ಎಂದು ಕೇಳಿದ ತಂದೆ-ತಾಯಿಗಳು ಬಹಳ.

ನಾನು ಪದವಿ ತರಗತಿಗಳಿಗೆ ಜೀವಶಾಸ್ತ್ರ ಕಲಿಸಿದವಳು. ಕೆಲಸದ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಈ ಓದಿನ ಒಳಗೆ ಏನಿದೆ ಎಂಬುದು ಗೊತ್ತಾಗಬೇಕು. ಅದನ್ನು ತಿಳಿಯದೆ ಸೇರಿದ ಮಕ್ಕಳು ಎರಡನೆಯ ವರ್ಷಕ್ಕೆ ಬೇಸತ್ತು ಹಿಂದಿನ ಬೆಂಚಿನಲ್ಲಿ ಕೂತದ್ದನ್ನು ಕಂಡಿದ್ದೇನೆ. ಎರಿ ಹೊಲದಲ್ಲಿ ಬೆಳೆದ ಮಗುವಿಗೆ ಈ ವಿದ್ಯೆ ಪರಕೀಯವಲ್ಲ, ಹಾಗೆಯೇ ಇದು ಮೂರು ವರ್ಷಕ್ಕೆ ಕೈಗೆ ಹತ್ತುವ ವಿದ್ಯೆಯೂ ಅಲ್ಲ. ಈ ಎರಡು ಮಾತನ್ನು ನಮ್ಮ ಬೆಳೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಶೇಂಗಾದಿಂದ ಸುರು ಮಾಡೋಣ. ಮಳೆ ಹಿಡಿದು ಹವೆ ತಂಪಾದಾಗ ಶೇಂಗಾದ ಕೆಳಗಿನ ಎಲೆಗಳ ಮೇಲೆ ಕರಿ ಚುಕ್ಕೆ ಏಳುತ್ತವೆ. ಎಲೆ ತಿರುವಿ ನೋಡಿದರೆ ಇಟ್ಟಂಗಿ ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ. ಚುಕ್ಕೆಯದು ಒಂದು ಶಿಲೀಂಧ್ರ, ಈ ಪುಡಿಯ ತುಕ್ಕಿನದು ಇನ್ನೊಂದು. ಎರಡೂ ಕೂಡಿ ಬಂದ ವರ್ಷ ಕಾಯಿ ಬಲಿಯುವ ಮೊದಲೇ ಎಲೆ ಉದುರಿ ಗಿಡದ ಕಡ್ಡಿ ಉಳಿಯುತ್ತದೆ, ಅರ್ಧಕ್ಕಿಂತ ಹೆಚ್ಚು ಬೆಳೆ ಹೋಗುವುದೂ ಉಂಟು. ದನಕ್ಕೆ ಹಾಕುವ ಹೊಟ್ಟೂ ಕೆಡುತ್ತದೆ. ನಮ್ಮ ಭಾಗದಲ್ಲಿ ತಲೆತಲಾಂತರ ಬಿತ್ತಿದ ಟಿಎಂವಿ-2 ತಳಿ ತಮಿಳುನಾಡಿನ ತಿಂಡಿವನದ್ದು, ಜೆಎಲ್-24 ಮಹಾರಾಷ್ಟ್ರದ ಜಳಗಾಂವದ್ದು. ಬೇಗ ಬರುವ, ಮಾರುಕಟ್ಟೆ ಒಪ್ಪುವ ತಳಿಗಳು ಇವು. ಆದರೆ ಈ ಎರಡು ರೋಗಕ್ಕೆ ಎರಡೂ ಸುಲಭವಾಗಿ ಸೋಲುತ್ತವೆ.

ಸೋಲದ ಗಿಡ ಇದ್ದದ್ದು ಶೇಂಗಾದ ತವರಾದ ದಕ್ಷಿಣ ಅಮೆರಿಕದಲ್ಲಿ. ಅರಾಕಿಸ್ ಕಾರ್ಡಿನೇಸಿ ಎಂಬ ಕಾಡು ಶೇಂಗಾ ಅದು. ಅದರ ಪರಾಗ ತಂದು ನಮ್ಮ ಶೇಂಗಾಕ್ಕೆ ಹಚ್ಚಿದರೆ ಮುಗಿಯಿತಲ್ಲ ಎನಿಸಬಹುದು. ಮುಗಿಯುವುದಿಲ್ಲ. ನಾವು ತಿನ್ನುವ ಶೇಂಗಾದ ಪ್ರತಿ ಜೀವಕೋಶದಲ್ಲಿ 40 ವರ್ಣತಂತುಗಳು, ಕಾಡಿನದರಲ್ಲಿ 20. ಎರಡನ್ನೂ ಕೂಡಿಸಿ ಹುಟ್ಟಿದ ಗಿಡದಲ್ಲಿ ವರ್ಣತಂತುಗಳಿಗೆ ಸರಿಯಾದ ಜೋಡಿ ಸಿಗುವುದಿಲ್ಲ, ಗಿಡ ಬಂಜೆಯಾಗುತ್ತದೆ. ತಳಿ ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಈ ಅಡ್ಡಿ ದಾಟಿ, ಕಾಡಿನ ರೋಗಶಕ್ತಿಯ ಒಂದು ತುಣುಕು ಒಳಗಿದ್ದ ಶೇಂಗಾ ಸಾಲುಗಳನ್ನು ತೆಗೆದರು. ಅಂಥ ಒಂದು ಸಾಲನ್ನು ಕೆಆರ್‌ಜಿ-1 ತಳಿಯೊಂದಿಗೆ ಸಂಕರಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆರಿಸಿದ ತಳಿಯೇ ಜಿಪಿಬಿಡಿ-4. 2004ರಲ್ಲಿ ಅದು ರೈತರಿಗೆ ಬಿಡುಗಡೆಯಾಯಿತು. ಹೆಸರಿನ ಕೊನೆಯ ‘ಡಿ’ ನಮ್ಮ ಧಾರವಾಡದ್ದು.

ಅಲ್ಲಿಯವರೆಗಿನದು ಹೊಲದಲ್ಲಿ ಕಣ್ಣಿಟ್ಟು ಮಾಡಿದ ಆಯ್ಕೆ. ಮುಂದಿನದು ಅಣು ಜೀವಶಾಸ್ತ್ರ, ಅಂದರೆ ಮಾಲಿಕ್ಯುಲರ್ ಬಯಾಲಜಿ. ಜಿಪಿಬಿಡಿ-4ರಲ್ಲಿ ಇರುವ ರೋಗಶಕ್ತಿ ಡಿಎನ್‌ಎದ ಯಾವ ಜಾಗದಲ್ಲಿ ಕೂತಿದೆ ಎಂದು ಹುಡುಕಿದರು. ಶೇಂಗಾದ ಡಿಎನ್‌ಎಯಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಅಷ್ಟನ್ನೂ ಓದುತ್ತ ಕೂಡ್ರಬೇಕಿಲ್ಲ. ನಿಮ್ಮ ಹೊಲ ಎಲ್ಲಿ ಸುರುವಾಗುತ್ತದೆ ಎಂದು ಬಾಂದಗಲ್ಲು ನೋಡಿ ಹೇಳುತ್ತೀರಲ್ಲ, ಹಾಗೆ ರೋಗಶಕ್ತಿಯ ವಂಶವಾಹಿಗೆ ಹತ್ತಿಕೊಂಡೇ ಇರುವ ಒಂದು ಸಣ್ಣ ಗುರುತು ಸಿಕ್ಕರೆ ಸಾಕು. ಅದಕ್ಕೆ ಮಾರ್ಕರ್ ಎನ್ನುತ್ತಾರೆ. 2010ರ ಸುಮಾರಿಗೆ ಟಿಎಜಿ-24 ಮತ್ತು ಜಿಪಿಬಿಡಿ-4ರ ಸಂಕರದ ಸಂತಾನದಲ್ಲಿ ತುಕ್ಕುರೋಗದ ವಿಷಯದಲ್ಲಿ ಅಂಥ ಗಟ್ಟಿ ಗುರುತು ಸಿಕ್ಕಿತು. ಗಿಡದಿಂದ ಗಿಡಕ್ಕೆ ಕಾಣುವ ತುಕ್ಕಿನ ವ್ಯತ್ಯಾಸದ ಬಹುಪಾಲು ಆ ಒಂದೇ ಜಾಗದಿಂದ ಬರುತ್ತದೆ ಎಂದು ತಿಳಿಯಿತು.

ಇದರಿಂದ ಆದ ಲಾಭ ನೋಡಿ. ಮೊದಲು ಒಂದು ಗಿಡಕ್ಕೆ ರೋಗಶಕ್ತಿ ಇದೆಯೋ ಇಲ್ಲವೋ ತಿಳಿಯಲು ಮಳೆಗಾಲ ಬರಬೇಕು, ರೋಗ ಜೋರಾಗಿ ಬೀಳಬೇಕು, ಗಿಡ ಎರಡೂವರೆ ಮೂರು ತಿಂಗಳದ್ದಾಗಬೇಕು. ರೋಗ ಬೀಳದ ವರ್ಷ ಆ ವರ್ಷವೇ ವ್ಯರ್ಥ. ಈಗ ಎಳೆ ಸಸಿಯ ಒಂದು ಎಲೆ ಚೂರು ಸಾಕು, ಬೇಸಿಗೆಯಲ್ಲಾದರೂ ಆದೀತು. ಧಾರವಾಡದ ಸಂಶೋಧಕರು ಹೀಗೆ ಗುರುತು ನೋಡಿ ನೋಡಿ ಆರಿಸುತ್ತ, ಜಿಪಿಬಿಡಿ-4ರ ಗುಣವನ್ನು ಟಿಎಂವಿ-2ಕ್ಕೂ ಜೆಎಲ್-24ಕ್ಕೂ ಸೇರಿಸಿದರು. ತಳಿ ಅದೇ, ರುಚಿ ಅದೇ, ಬರುವ ದಿನ ಅವೇ, ರೋಗ ತಾಳುವ ಶಕ್ತಿ ಮಾತ್ರ ಹೊಸದು. ಇಲ್ಲಿ ಹೊರಗಿನ ಜೀವಿಯ ಜೀನನ್ನು ಯಂತ್ರದಿಂದ ತುರುಕಿಲ್ಲ. ಎಲ್ಲವೂ ಹೂವಿನ ಮೇಲೆ ನಡೆದ ಸಂಕರಣ. ಪ್ರಯೋಗಾಲಯ ಮಾಡಿದ್ದು ಆರಿಸುವ ಕೆಲಸ. ಜೈವಿಕ ತಂತ್ರಜ್ಞಾನವೆಂದರೆ ಬಿಟಿ ಹತ್ತಿ ಒಂದೇ ಎಂದು ತಿಳಿದವರಿಗೆ ಈ ಶೇಂಗಾದ ಕತೆಯನ್ನು ನಾನು ಮೊದಲು ಹೇಳುವುದು ಅದಕ್ಕೇ.

ಆ ಎಲೆ ಚೂರಿನಲ್ಲಿ ಗುರುತು ಕಾಣುವುದು ಹೇಗೆ? ಎಲೆಯನ್ನು ಅರೆದು, ಸೋಸಿ, ಡಿಎನ್‌ಎ ಬೇರ್ಪಡಿಸುತ್ತಾರೆ. ತಣ್ಣಗಿನ ಆಲ್ಕೊಹಾಲ್ ಹಾಕಿದಾಗ ಅದು ಬಿಳಿ ಎಳೆಯಾಗಿ ಮೇಲೆ ತೇಲುತ್ತದೆ. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿಯ ಮುಖ ನೋಡುವುದೇ ನನಗೆ ಈ ವೃತ್ತಿಯ ದೊಡ್ಡ ಸಂತೋಷ. ಬಳಿಕ ಬೇಕಾದ ತುಣುಕನ್ನಷ್ಟೇ ಪಿಸಿಆರ್ ಯಂತ್ರದಲ್ಲಿ ಹೆಚ್ಚಿಸುತ್ತಾರೆ. ಈ ವಿಧಾನವನ್ನು 1983ರಲ್ಲಿ ಕಂಡುಹಿಡಿದವರು ಅಮೆರಿಕದ ಕ್ಯಾರಿ ಮಲ್ಲಿಸ್. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. 30 ಸುತ್ತು ಸರಿಯಾಗಿ ನಡೆದರೆ ಒಂದೇ ತುಣುಕು 107 ಕೋಟಿ ದಾಟುತ್ತದೆ. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹುಬ್ಬಳ್ಳಿಯ ಕಿಮ್ಸ್‌ನಿಂದ ವರದಿ ಬರುವುದನ್ನು ಕಾಯ್ದವರು ಸಂಶಿಯಲ್ಲೂ ಇದ್ದಾರೆ. ಆ ಆರ್‌ಟಿ-ಪಿಸಿಆರ್ ಇದೇ ವಿಧಾನ. ಕೊರೊನಾ ವೈರಸ್ಸಿನೊಳಗೆ ಇರುವುದು ಆರ್‌ಎನ್‌ಎ, ಆದ್ದರಿಂದ ಮೊದಲು ಅದನ್ನು ಡಿಎನ್‌ಎಗೆ ತಿರುಗಿಸಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಆ ವರ್ಷ ರಾತ್ರಿ-ಹಗಲು ಆ ಯಂತ್ರಗಳ ಮುಂದೆ ನಿಂತವರಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದ ಎಳೆಯರು ಬಹಳ ಇದ್ದರು.

ಪದವಿಯಲ್ಲಿ ಕಲಿಯುವುದು ಇದನ್ನೇ, ಆದರೆ ನಿಧಾನವಾಗಿ. ಮೊದಲ ವರ್ಷ ಜೀವಕೋಶ, ಮೆಂಡೆಲನ ಬಟಾಣಿ, ರಸಾಯನಶಾಸ್ತ್ರ. ಬಳಿಕ ಪ್ರೋಟೀನು, ಕಿಣ್ವ, ಸೂಕ್ಷ್ಮಜೀವಿಗಳು, ರೋಗನಿರೋಧ ಶಕ್ತಿ, ಅಂಗಾಂಶ ಕೃಷಿ, ಜೀನು ಕತ್ತರಿಸಿ ಜೋಡಿಸುವ ವಿದ್ಯೆ. ಪ್ರಾಯೋಗಿಕ ತರಗತಿಯಲ್ಲಿ ಕೈಗೆ ಬರುವ ಮೊದಲ ಉಪಕರಣ ಮೈಕ್ರೊಪಿಪೆಟ್. ಒಂದು ಮಿಲಿಲೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲನ್ನು ಅಳೆಯುವ ಸಾಧನ ಅದು. ಒಂದು ಹನಿ ನೀರನ್ನು 50 ಪಾಲು ಮಾಡಿ ಅದರಲ್ಲಿ ಒಂದೆರಡು ಪಾಲು ತೆಗೆದು ಹಾಕು ಎಂದರೆ ಕೈ ನಡುಗಬಾರದು, ಲಕ್ಷ್ಯ ತಪ್ಪಬಾರದು. ಬೆಳೆ ನಡುವೆ ಎಡೆ ಹೊಡೆಯುವಾಗ ಸಸಿಗೆ ಕುಂಟೆ ತಾಗದಂತೆ ಎತ್ತು ನಡೆಸಿದ ಹುಡುಗನಿಗೆ, ಮೆಣಸಿನ ಅಗಿ ಹಚ್ಚಿದ ಹುಡುಗಿಗೆ ಆ ಲಕ್ಷ್ಯ ಹೊಸದಲ್ಲ. ಪಟ್ಟಣದ ಮಕ್ಕಳಿಗಿಂತ ನಮ್ಮ ಮಕ್ಕಳ ಕೈ ಬೇಗ ಪಳಗುವುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಅವರಿಗೆ ಕಠಿಣವಾಗುವುದು ಇಂಗ್ಲಿಷು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಹೇಗೋ ದಾಟಿ, ಪದವಿಯಲ್ಲಿ ದಪ್ಪ ಪುಸ್ತಕ ಎದುರಾದಾಗ ಜಾಣ ಮಕ್ಕಳೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಅವರಿಗೆ ಹೇಳುತ್ತಿದ್ದುದು, ಮೊದಲು ವಿಷಯವನ್ನು ಕನ್ನಡದಲ್ಲಿ ನಿಮ್ಮ ಅಜ್ಜಿಗೆ ತಿಳಿಯುವ ಹಾಗೆ ಹೇಳಿ ನೋಡಿ, ಹೇಳಲು ಬಂದರೆ ನಿಮಗೆ ತಿಳಿದಿದೆ ಎಂದರ್ಥ, ಇಂಗ್ಲಿಷಿನ ವಾಕ್ಯ ಆಮೇಲೆ ಬರುತ್ತದೆ. ವರ್ಷದೊಳಗೆ ಬಂದೇ ಬರುತ್ತದೆ. ಗಣಿತವನ್ನು ಮಾತ್ರ ಬಿಡಬೇಡಿ. ಈ ಶಾಸ್ತ್ರ ಈಗ ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಇಲ್ಲದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಗಣಿತದ ಅಂಜಿಕೆಯಿಂದ ಜೀವಶಾಸ್ತ್ರ ಹಿಡಿದವರಿಗೆ ಇದು ಮುಂದೆ ತೊಡಕಾಗುತ್ತದೆ.

ಇನ್ನು ಹತ್ತಿ. ಧಾರವಾಡ ಸೀಮೆಯಲ್ಲಿ ನಿಂತು ಜೈವಿಕ ತಂತ್ರಜ್ಞಾನದ ಮಾತಾಡಿ ಹತ್ತಿಯನ್ನು ಬಿಡಲು ಬರುವುದಿಲ್ಲ. ನಮ್ಮ ಎರಿಯಲ್ಲಿ ಹಿಂದಿನಿಂದ ಬಂದ ಜಯಧರ ಹತ್ತಿಯಲ್ಲಿ 26 ವರ್ಣತಂತು, ಆಮೇಲೆ ಬಂದ ಉದ್ದ ಎಳೆಯ ಹತ್ತಿಗಳಲ್ಲಿ 52. ಬರಕ್ಕೆ ಬಗ್ಗದ ಜಯಧರನ ಗುಣವನ್ನು ಅವಕ್ಕೆ ಸುಲಭವಾಗಿ ದಾಟಿಸಲು ಬರದಿರುವುದು ಈ ಲೆಕ್ಕದಿಂದಲೇ. 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರು ಧಾರವಾಡದಲ್ಲಿ ವರಲಕ್ಷ್ಮಿ ಸಂಕರಣ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ರೈತರ ಹೊಲಕ್ಕೆ ಬಂದ ಮೊದಲ ವಾಣಿಜ್ಯ ಸಂಕರಣ ಅದು. ಲಕ್ಷ್ಮಿ ಎಂಬ ತಳಿ ತಾಯಿ, ಎಸ್‌ಬಿ 289-ಇ ತಂದೆ. ಎರಡರಲ್ಲೂ 52, ಆದ್ದರಿಂದ ಜೋಡಿ ಕೂಡಿತು. ಈ ಮಣ್ಣಿನಲ್ಲಿ ಇಷ್ಟು ದೊಡ್ಡ ಕೆಲಸ ಆಗಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ.

ಬಿಟಿ ಹತ್ತಿಗೆ ಕೇಂದ್ರದ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು, 1998ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ ಕರ್ನಾಟಕದ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತ್ತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿದಾಗ ಗಿಡವೇ ಒಂದು ಪ್ರೋಟೀನು ತಯಾರಿಸುತ್ತದೆ. ಕಾಯಿಕೊರಕದ ಕರುಳಿನಲ್ಲಿ ಕ್ಷಾರ ಹೆಚ್ಚು. ಅಲ್ಲಿ ಆ ಪ್ರೋಟೀನು ಕರಗಿ, ಕರುಳಿನ ಗೋಡೆಗೆ ಕಚ್ಚಿಕೊಂಡು ತೂತು ಮಾಡುತ್ತದೆ, ಹುಳ ಮೇವು ಬಿಟ್ಟು ಸಾಯುತ್ತದೆ. ಮೊದಮೊದಲು ಸಿಂಪಡಿಕೆ ಇಳಿಯಿತು. ಬೀಜದ ಪಾಕೀಟಿನ ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜದ ಚಿಕ್ಕ ಪಾಕೀಟು ಇರುತ್ತಿತ್ತು, ನೆನಪಿದೆಯೇ? ಹೊಲದ ಸುತ್ತ ಅದನ್ನು ಬಿತ್ತಬೇಕಿತ್ತು. ಅಲ್ಲಿ ಬದುಕಿದ ಸಾದಾ ಹುಳಗಳು ಬಿಟಿ ತಾಳಿಕೊಂಡ ಹುಳಗಳ ಜೊತೆ ಕೂಡಿದರೆ ಸಂತಾನದಲ್ಲಿ ಆ ತಾಳಿಕೆ ತೆಳುವಾಗುತ್ತದೆ ಎಂಬುದು ಲೆಕ್ಕ. ಬಹಳ ಮಂದಿ ಆ ಪಾಕೀಟನ್ನು ಬಿತ್ತಲಿಲ್ಲ. ಯಾಕೆ ಬಿತ್ತಬೇಕೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದವರೂ ಕಡಿಮೆ. 2010ರಲ್ಲಿ ಗುಜರಾತಿನಿಂದ ಸುದ್ದಿ ಬಂತು, ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಜೀರ್ಣಿಸಿಕೊಂಡಿತ್ತು. ಆಮೇಲೆ ಎರಡು ಜೀನಿನ ಬೀಜವನ್ನೂ ಅದು ಬಿಡಲಿಲ್ಲ.

ಇದೇ ಕಾಲದ ಇನ್ನೊಂದು ಪ್ರಸಂಗವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ರೈತರು ತಮ್ಮ ಬೀಜವನ್ನು ತಾವೇ ಇಟ್ಟುಕೊಂಡು ಮತ್ತೆ ಬಿತ್ತಬಹುದಾದ ಬಿಟಿ ಹತ್ತಿ ಬೇಕೆಂದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ ಬಿಕಾನೇರಿ ನರ್ಮಾ ತಳಿಯಲ್ಲಿ ಕೆಲಸ ಮಾಡಿದವು. 2008ರಲ್ಲಿ ಅನುಮತಿ ಸಿಕ್ಕಿತು, 2009ರಲ್ಲಿ ಬೀಜ ಹೊಲಕ್ಕೆ ಬಂತು. ಆದರೆ ಅದರಲ್ಲಿ ಕಂಪನಿಯ ಬಿಟಿ ಹತ್ತಿಯ ಜೀನಿನ ಗುರುತು ಕಂಡದ್ದರಿಂದ ಮಾರಾಟ ನಿಂತಿತು. ಸುಧೀರ್ ಸೊಪೋರಿ ಅವರ ಅಧ್ಯಕ್ಷತೆಯ ಸಮಿತಿ 2012ರಲ್ಲಿ ಬೆರಕೆ ಇದ್ದದ್ದು ನಿಜವೆಂದಿತು. ಉದ್ದೇಶ ಅಷ್ಟು ಒಳ್ಳೆಯದಿದ್ದರೂ, ಬೀಜದ ಶುದ್ಧತೆಯನ್ನು ಹೆಜ್ಜೆ ಹೆಜ್ಜೆಗೂ ಪರೀಕ್ಷಿಸಿ ಬರೆದಿಡದಿದ್ದರೆ ವರ್ಷಗಳ ದುಡಿಮೆ ಕೈಬಿಡುತ್ತದೆ. ಬಿಎಸ್ಸಿ ಹುಡುಗಿಗೆ ‘ನಳಿಕೆಯ ಮೇಲೆ ಹೆಸರು ಬರಿ, ತಾರೀಕು ಬರಿ, ನೋಟುಬುಕ್ಕಿನಲ್ಲಿ ಗೀಚಿದ್ದನ್ನು ಹರಿದು ಒಗೆಯಬೇಡ’ ಎಂದು ನಾವು ಬೆನ್ನು ಹತ್ತುವುದು ಯಾಕೆಂದು ಈ ಕತೆ ಕೇಳಿದ ಮೇಲೆ ಅವಳಿಗೇ ತಿಳಿಯುತ್ತದೆ.

ಈಗ ದಾರಿಗಳ ಮಾತು. ಮೂರು ದಾರಿಗಳಿವೆ, ಹೆಸರು ಒಂದೇ ತರಹ ಇದ್ದರೂ ಅವು ಹೋಗಿ ಮುಟ್ಟುವ ಊರು ಬೇರೆ. ಬಿಎಸ್ಸಿಯಲ್ಲಿ ಜೈವಿಕ ತಂತ್ರಜ್ಞಾನವನ್ನು ರಸಾಯನಶಾಸ್ತ್ರ, ಸಸ್ಯ ಅಥವಾ ಪ್ರಾಣಿಶಾಸ್ತ್ರದ ಜೊತೆ ಓದುವುದು ಒಂದು. ಇದಕ್ಕೆ ಹುಬ್ಬಳ್ಳಿ-ಧಾರವಾಡ ಸಾಕು, ಸಂಶಿಯಿಂದ ರೈಲಿಗೆ ಹೋಗಿ ಬರುವ ಮಕ್ಕಳೂ ಇದ್ದಾರೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಪದವಿ ನಾಲ್ಕು ವರ್ಷದ್ದಾಗಿತ್ತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬಿಇ ಇನ್ನೊಂದು. ಹುಬ್ಬಳ್ಳಿಯ ಬಿವಿಬಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅದು ಇದೆ. ಸಿಇಟಿ ಬರೆಯಬೇಕು, ಪಿಯುಸಿಯಲ್ಲಿ ಗಣಿತ ಇರಲೇಬೇಕು. ಅಲ್ಲಿ ಒತ್ತು ಕಾರ್ಖಾನೆಯ ಮೇಲೆ, ದೊಡ್ಡ ಪಾತ್ರೆಗಳಲ್ಲಿ ಸೂಕ್ಷ್ಮಜೀವಿ ಬೆಳೆಸಿ ಔಷಧ, ಕಿಣ್ವ ತೆಗೆಯುವುದರ ಮೇಲೆ. ಮೂರನೆಯದು ಹಾಸನದ ಕೃಷಿ ಕಾಲೇಜಿನಲ್ಲಿರುವ ಬಿಟೆಕ್. ಕೃಷಿಕರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ಇಟ್ಟು ಕೃಷಿ ಪದವಿಗಳಲ್ಲಿ ಪ್ರತ್ಯೇಕ ಸೀಟು ಕೊಡುತ್ತಾರೆ. ಬೀಜ, ಗೊಬ್ಬರ, ಕಳೆ ಗುರುತಿಸುವ ಆ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವ ಕಾರಣವೇ ಇಲ್ಲ. ಗಿಡಗಳ ಮೇಲೆಯೇ ಕೆಲಸ ಮಾಡಬೇಕೆಂಬ ಆಸೆ ಇದ್ದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಎಂಎಸ್ಸಿಗೆ ಸಾಮಾನ್ಯವಾಗಿ ಕೃಷಿ ಪದವಿ ಕೇಳುತ್ತಾರೆ. ಸಾದಾ ಬಿಎಸ್ಸಿ ಮುಗಿಸಿ ಆಮೇಲೆ ಅಲ್ಲಿಗೆ ಹೋಗಿ ನಿರಾಶರಾಗುವುದಕ್ಕಿಂತ ಸೇರುವ ಮೊದಲೇ ವಿಚಾರಿಸಿ.

ಕೆಲಸ? ಬಚ್ಚಿಡದೆ ಹೇಳುತ್ತೇನೆ. ಬರೀ ಬಿಎಸ್ಸಿ ಮುಗಿಸಿದವರಿಗೆ ಸಿಗುವುದು ಔಷಧ ಕಂಪನಿ, ಆಹಾರ ಪರೀಕ್ಷೆ, ರಕ್ತ ಪರೀಕ್ಷೆಯ ಪ್ರಯೋಗಾಲಯ, ಅಂಗಾಂಶ ಬಾಳೆಯ ನರ್ಸರಿ, ಬೀಜ ಕಂಪನಿಗಳ ಮೊದಲ ಮೆಟ್ಟಿಲಿನ ಕೆಲಸ. ಸಂಬಳ ಸಣ್ಣದು. ಈ ವಿದ್ಯೆಯ ನಿಜವಾದ ಬಾಗಿಲು ತೆರೆಯುವುದು ಎಂಎಸ್ಸಿಯ ನಂತರ, ಸಂಶೋಧನೆಯ ಬಾಗಿಲು ಪಿಎಚ್‌ಡಿಯ ನಂತರ. ಪಿಯುಸಿಯಿಂದ ಎಣಿಸಿದರೆ ಹತ್ತು ವರ್ಷ ಹಿಡಿಯುವ ದಾರಿ. ಎರಡು ವರ್ಷದಲ್ಲಿ ಮನೆಗೆ ರೊಕ್ಕ ಬರಲೇಬೇಕು ಎನ್ನುವ ಸ್ಥಿತಿ ಇದ್ದರೆ ಈ ದಾರಿಗೆ ಹಚ್ಚಬೇಡಿ, ಅದು ಮಗುವಿಗೂ ನಿಮಗೂ ಭಾರ. ಕಾಯುವ ಶಕ್ತಿ ಇದ್ದರೆ, ಪೂರ್ತಿ ಖರ್ಚು ನಿಮ್ಮದೇ ಆಗಬೇಕೆಂದೇನೂ ಇಲ್ಲ. ಎಂಎಸ್ಸಿಗೆ ಗ್ಯಾಟ್-ಬಿ, ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳಿವೆ. ಗ್ಯಾಟ್-ಬಿ ಮೂಲಕ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಎಂಎಸ್ಸಿ ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನ ಸಿಗುತ್ತದೆ, ಸಂಶೋಧನೆಗೆ ಆಯ್ಕೆಯಾದರೆ ಫೆಲೋಶಿಪ್ ಸಿಗುತ್ತದೆ. ಈ ಪರೀಕ್ಷೆಗಳ ಹೆಸರು ಹುಡುಗರಿಗೆ ಗೊತ್ತಾಗುವುದೇ ಬಿಎಸ್ಸಿಯ ಕೊನೆಯ ಸೆಮಿಸ್ಟರಿನಲ್ಲಿ. ಎರಡನೆಯ ವರ್ಷದಿಂದಲೇ ತಯಾರಿ ಬೇಕು. ಕೋವ್ಯಾಕ್ಸಿನ್ ತಯಾರಿಸಿದ ಭಾರತ್ ಬಯೋಟೆಕ್ ಕಂಪನಿಯ ಸ್ಥಾಪಕ ಕೃಷ್ಣ ಎಲ್ಲಾ ಒಕ್ಕಲುತನದ ಮನೆಯಿಂದ ಬಂದವರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಅವರು ಹೈದರಾಬಾದಿಗೆ ಬಂದು ಕಂಪನಿ ಕಟ್ಟಿದರು.

ಹೆಣ್ಣುಮಕ್ಕಳ ತಂದೆ-ತಾಯಿಗಳಿಗೆ ಒಂದು ಮಾತು. ನನ್ನ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು, ಕೈಕೆಲಸದಲ್ಲೂ ಅವರೇ ಮುಂದು. ಬಿಎಸ್ಸಿ ಆದ ಕೂಡಲೇ ಲಗ್ನದ ಮಾತು ಎತ್ತಿ ಎಂಎಸ್ಸಿ ತಪ್ಪಿಸಬೇಡಿ. ಅರ್ಧಕ್ಕೆ ನಿಲ್ಲಿಸಿದರೆ ಈ ಓದಿನಿಂದ ಅವಳಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಎರಡು ವರ್ಷ ತಡೆಯಿರಿ ಎಂದು ಕೈಮುಗಿದು ಕೇಳುತ್ತೇನೆ.

ಅರ್ಜಿ ತುಂಬುವ ಮೊದಲು ಮಗುವನ್ನು ಕರೆದುಕೊಂಡು ಕಾಲೇಜಿಗೆ ಹೋಗಿ, ಪ್ರಯೋಗಾಲಯ ತೋರಿಸಿರೆಂದು ಕೇಳಿ. ಪಿಸಿಆರ್ ಯಂತ್ರ ಇದೆಯೇ, ಇದ್ದರೆ ನಡೆಯುತ್ತದೆಯೇ, ಬಿಎಸ್ಸಿ ಮಕ್ಕಳ ಕೈಗೆ ಕೊಡುತ್ತಾರೋ ಅಥವಾ ದೂರದಿಂದ ತೋರಿಸುತ್ತಾರೋ, ಹೋದ ವರ್ಷ ಪಾಸಾದವರಲ್ಲಿ ಎಂಎಸ್ಸಿಗೆ ಹೋದವರು ಎಷ್ಟು, ಇದಿಷ್ಟು ಕೇಳಿ. ಸಂಕೋಚ ಬೇಡ, ಫೀ ಕಟ್ಟುವವರು ನೀವು. ಪಿಯುಸಿಯಲ್ಲಿ ಇನ್ನೂ ಓದುತ್ತಿರುವ ಮಕ್ಕಳಿದ್ದರೆ ಸೆಪ್ಟೆಂಬರ್ ಸುಮಾರಿಗೆ ಧಾರವಾಡದಲ್ಲಿ ನಡೆಯುವ ಕೃಷಿಮೇಳಕ್ಕೆ ಅವರನ್ನೂ ಒಯ್ಯಿರಿ. ಬೀಜ, ಟ್ರ್ಯಾಕ್ಟರು ನೋಡಿ ಮರಳಬೇಡಿ. ಶೇಂಗಾ ತಳಿಗಳ ತಾಕು ಎಲ್ಲಿದೆ ಎಂದು ಕೇಳಿ ಹೋಗಿ, ಜಿಪಿಬಿಡಿ-4 ಮತ್ತು ಟಿಎಂವಿ-2 ಗಿಡಗಳ ಎಲೆ ತಿರುವಿ ನೋಡಲಿ. ಅಲ್ಲಿ ನಿಂತ ವಿಜ್ಞಾನಿಗಳು ನಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಏನು ಓದಿದರೆ ಈ ಕೆಲಸ ಮಾಡಬಹುದು ಎಂಬ ಪ್ರಶ್ನೆಯನ್ನು ನಿಮ್ಮ ಮಗುವೇ ಅವರನ್ನು ಕೇಳಲಿ.